ಓಡದ ಗಾಡಿಯ ಬಿಳಿ ಗೆರೆ

ಬೆಳಿಗ್ಗೆ ಏಳು ಗಂಟೆಗೆ ಪಿಕಪ್ಪಿನ ಹಿಂಭಾಗದಿಂದ 'ಟಕ್' ಎಂದು ಸದ್ದು ಬಂತು.

ಮರಿ ಮೇಸ್ತ್ರಿ ಬಾಗಿಲ ಪಕ್ಕದಿಂದ ಸ್ಟಿಯರಿಂಗ್ ಹಿಡಿದು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳುತ್ತಿದ್ದಳು. ಹಿಂದಿನಿಂದ ತಳ್ಳುತ್ತಿದ್ದವರು ಅವಳ ಅಪ್ಪನ ತಂಗಿ, ಟೈಲರ್ ಅತ್ತೆ. ಇಬ್ಬರೂ ನಿಂತರು.

"ಏನೇ ಅದು?"

"ಗೊತ್ತಿಲ್ಲ ಅತ್ತೆ. ನಿನ್ನೆ ಈ ಸದ್ದು ಇರಲಿಲ್ಲ."

ಅವಳು ಗಾಡಿಯ ಕೆಳಗೆ ನುಸುಳಿದಳು. ಅಲ್ಲಿಂದ ಹಿರಿಯರ ಮುಂದೆ ಆಡಬಾರದ ಒಂದು ಮಾತು ಕೇಳಿಸಿತು. ಅತ್ತೆ ಕೇಳಿಸಿಕೊಳ್ಳದವರಂತೆ ಇದ್ದರು.

"ಬಲಗಡೆ ನಾಲ್ಕು ನಟ್ಟೂ ಸಡಿಲ, ಬೆರಳು ತಾಗಿದ್ರೆ ಅಲುಗಾಡ್ತಿವೆ!"

ಹಿಂದಿನ ಆಕ್ಸಲನ್ನು ಸ್ಪ್ರಿಂಗ್ ಪಟ್ಟಿಗಳಿಗೆ ಕಚ್ಚಿ ಹಿಡಿಯುವ ನಟ್ಟುಗಳು ಅವು. ಡ್ರ್ಯಾಗ್ ರೇಸ್ ಎಂದರೆ ನಾನೂರು ಮೀಟರ್ ನೇರ ಓಟ. ಹೊರಡುವ ಕ್ಷಣದಲ್ಲಿ ಇಂಜಿನ್ನಿನ ಅಷ್ಟೂ ಬಲ ಆಕ್ಸಲಿನ ಮೇಲೆ ಬೀಳುತ್ತದೆ. ನಟ್ಟು ಸಡಿಲವಿದ್ದರೆ ಗಾಡಿ ಒಂದು ದಿಕ್ಕಿಗೆ, ಚಕ್ರ ಇನ್ನೊಂದು ದಿಕ್ಕಿಗೆ.

ಮೂರು ವರ್ಷದ ಹಿಂದೆ ಆದದ್ದೂ ಅದೇ. ಇದೇ ಪಿಕಪ್, ಓಡಿಸಿದವರು ಅವಳ ಅಪ್ಪ ದೊಡ್ಡ ಮೇಸ್ತ್ರಿ. ಹೊರಟು ಹತ್ತು ಮೀಟರಿಗೆ ಗಾಡಿ ಮಗುಚಿತು. ತಲೆಗೆ ಪೆಟ್ಟು ಬಿದ್ದು ಆ ದಿನದ ನೆನಪೇ ಅವರಿಗೆ ಉಳಿಯಲಿಲ್ಲ. ನಟ್ಟು ಬಿಗಿ ಮಾಡದೆ ಗಾಡಿ ಇಳಿಸಿದ ಎಂದು ರೇಸ್ ಸಮಿತಿ ಅವರನ್ನು ಮೈದಾನದಿಂದ ನಿಷೇಧಿಸಿತು. ಅವರೂ ಅದನ್ನೇ ನಂಬಿದರು. ಅಂದಿನಿಂದ ಸ್ಪ್ಯಾನರ್ ಮುಟ್ಟಿಲ್ಲ. ಕುರ್ಚಿಯಲ್ಲಿ ಕೂತು ಮಗಳಿಗೆ ಬಾಯಲ್ಲೇ ಕೆಲಸ ಕಲಿಸಿದರು.

ಮಗಳು ಅದೇ ಗಾಡಿಯನ್ನು ಮತ್ತೆ ಎಬ್ಬಿಸಿದ್ದಳು. ಅಪ್ಪನಿಗಿಂತ ಎರಡು ವರ್ಷ ದೊಡ್ಡ ಗಾಡಿ ಅದು. ಹಿಂಬಾಗಿಲು ಕಿತ್ತು ಭಾರ ಇಳಿಸಿದಳು. ಹಿಂಭಾಗ ಹಗುರಾಗಿ ಚಕ್ರ ಜಾರೀತೆಂದು ಆಕ್ಸಲಿನ ಮೇಲೆ ಕಬ್ಬಿಣದ ಹಲಗೆ ಬೋಲ್ಟ್ ಮಾಡಿದಳು. ಹಿಂದಕ್ಕೆ ಮೆತ್ತನೆಯ ಅಗಲ ಟೈರು. ಇದ್ದ ಒಂದೇ ಸೀಟಿಗೆ ಕವರ್ ಹೊಲಿದವರು ಅತ್ತೆ. ಇವತ್ತು ಒಂದು ಓಟ ಸರಿಯಾಗಿ ಮುಗಿಸಿದರೆ ಅಪ್ಪನ ನಿಷೇಧ ತೆಗೆಯುತ್ತೇವೆ ಎಂದು ಸಮಿತಿ ಬರೆದುಕೊಟ್ಟಿತ್ತು. ತಪ್ಪಿದರೆ ಈ ಮನೆಯ ಗಾಡಿಗೆ ಮೈದಾನದ ಗೇಟು ಇನ್ನು ತೆರೆಯುವುದಿಲ್ಲ.

ಅತ್ತೆ ಕನ್ನಡಕ ಏರಿಸಿ ಬಗ್ಗಿದರು.

"ನಟ್ಟಿನ ಮೇಲೆ ಬಿಳಿ ಗೆರೆ ಏನೇ?"

"ಬಿಗಿ ಮಾಡಿದ ಗುರುತು. ನಟ್ಟಿಗೂ ಬೋಲ್ಟಿಗೂ ಸೇರಿಸಿ ಪೇಂಟಲ್ಲಿ ಎಳೀತಾರೆ. ನಟ್ಟು ಸಡಿಲ ಆದ್ರೆ ಗೆರೆ ತುಂಡಾಗುತ್ತೆ."

"ಇಲ್ಲಿ ತುಂಡಾಗಿಲ್ವಲ್ಲ."

"ಅದೇ ಮೋಸ. ಸಡಿಲ ಮಾಡಿದ ಮೇಲೆ ಎಳೆದಿದ್ದಾರೆ. ನೋಡಿದವರು ಇವಳು ಬಿಗಿ ಮಾಡ್ದೇ ಗೆರೆ ಎಳೆದಳು, ಅಪ್ಪನ ಹಾಗೇ ಮಗಳು ಅಂತಾರೆ." ಅವಳು ಸಿಟ್ಟಿನಿಂದ ನೆಲಕ್ಕೆ ಗುದ್ದಿದಳು. "ನಾನು ಗೆರೆ ಎಳೆದೇ ಇಲ್ಲ ಅತ್ತೆ. ಎಡಗಡೆ ನೋಡಿ, ಗೆರೆ ಇದ್ಯಾ?"

ಇರಲಿಲ್ಲ. ಅಲ್ಲಿ ನಟ್ಟುಗಳೂ ಬಿಗಿಯಾಗಿದ್ದವು.

"ಯಾಕೆ ಎಳೆದಿಲ್ಲ?"

"ಅಪ್ಪನ ಪದ್ಧತಿ. ಸ್ಪ್ರಿಂಗ್ ಪಟ್ಟಿ ಒಂದು ಓಟ ಆದ್ಮೇಲೆ ಕೂತ್ಕೊಳ್ಳುತ್ತೆ. ಆಗ ಇನ್ನೊಂದು ಸಲ ಬಿಗಿ ಮಾಡಿ ಆಮೇಲೆ ಗೆರೆ. ಗಾಡಿ ಇನ್ನೂ ಓಡೇ ಇಲ್ಲ."

"ಕಚ್ಚಾ ಹೊಲಿಗೆ ಅನ್ನು. ಮೈಗೆ ಹಾಕಿ ನೋಡದೆ ಪಕ್ಕಾ ಹೊಲಿಗೆ ಹಾಕಲ್ಲ." ಅತ್ತೆ ಎದ್ದು ಸೀರೆಯ ಧೂಳು ಕೊಡವಿದರು. "ಫೋಟೋ ತೆಗಿ. ನಟ್ಟು ಮುಟ್ಟಬೇಡ. ಹೀಗೇ ಟ್ರೇಲರ್ ಮೇಲೆ ಹೇರು. ಯಾರಿಗೂ ಹೇಳಬೇಡ."

"ಹೀಗೇ ಮೈದಾನಕ್ಕಾ?"

"ಹೀಗೇ. ನಿನ್ನೆ ಶೆಡ್ಡಿಗೆ ಯಾರು ಬಂದಿದ್ರು?"

"ಇಬ್ಬರೇ. ಹೊಗೆ, ಆಮೇಲೆ ಮಾವ. ಇಬ್ಬರೂ ಬೇರೆ ಬೇರೆ ಹೊತ್ತಲ್ಲಿ ಒಬ್ಬರೇ ಇದ್ರು."

* * *

ಹೊಗೆ ಎಂದರೆ ಅವಳ ಇವತ್ತಿನ ಎದುರಾಳಿ. ಅವನ ಗಾಡಿ ಹೋದಲ್ಲೆಲ್ಲ ಕಪ್ಪು ಮೋಡ ಎಬ್ಬಿಸುವುದರಿಂದ ಆ ಹೆಸರು. ಎಂಟು ವರ್ಷ ದೊಡ್ಡ ಮೇಸ್ತ್ರಿಯ ಕೈಕೆಳಗೆ ಕಲಿತು, ಜಗಳವಾಡಿ ಬೇರೆ ಗ್ಯಾರೇಜ್ ಹಾಕಿದವನು. ಮೈದಾನವೆಂದರೆ ವಿಮಾನ ಇಳಿಯುವುದು ನಿಂತುಹೋದ ಒಂದು ರನ್‌ವೇ. ಅದರ ಅಂಚಿನಲ್ಲಿ ಅತ್ತೆ ಅವನನ್ನು ಹಿಡಿದರು.

"ನಿನ್ನೆ ಅವಳು ಊಟ ಕೊಡೋಕೆ ಮನೆಯೊಳಗೆ ಹೋದಾಗ ನೀನು ಶೆಡ್ಡಲ್ಲಿ ಅರ್ಧ ಗಂಟೆ ಒಬ್ಬನೇ ಇದ್ದೆ. ಏನು ಮಾಡ್ತಿದ್ದೆ?"

"ಜ್ಯಾಕ್ ವಾಪಸ್ ಕೊಡೋಕೆ ಬಂದಿದ್ದೆ."

"ಜ್ಯಾಕ್ ಇಡೋಕೆ ಅರ್ಧ ಗಂಟೆನಾ?"

ಹೊಗೆ ಬಲಗೈ ಮುಷ್ಟಿ ಬಿಗಿ ಹಿಡಿದ.

"ಕೈ ಬಿಚ್ಚು."

"ಅತ್ತೆ..."

"ಬಿಚ್ಚೋ!"

ಅಂಗೈಯಲ್ಲಿ ಪೆನ್ನಿನಲ್ಲಿ ಬರೆದ ಹದಿನಾಲ್ಕು, ಬೆವರಿಗೆ ಕಲಸಿಹೋಗಿತ್ತು.

"ಹಿಂದಿನ ಟೈರಿಗೆ ಎಷ್ಟು ಗಾಳಿ ಇಟ್ಟಿದ್ದಾಳೆ ಅಂತ ಅಳೆದೆ," ಎಂದು ತಲೆ ತಗ್ಗಿಸಿದ. "ನಾನೂ ಅಷ್ಟೇ ಇಟ್ಟಿದೀನಿ. ಹೇಳಬೇಡಿ ಅವಳಿಗೆ."

ಅತ್ತೆಗೆ ನಗು ಬಂತು, ನುಂಗಿಕೊಂಡರು. ಕಳ್ಳನೇನೋ ಹೌದು. ಆದರೆ ನಟ್ಟಿನ ಕಳ್ಳ ಇವನೇ ಎನ್ನಲು ಇಷ್ಟು ಸಾಲದು.

* * *

ಓಟಕ್ಕೆ ಮೊದಲು ಗಾಡಿ ನೋಡಿ ಸೀಲು ಹಾಕುವ ತಪಾಸಣೆ ಕೋಣೆಯಲ್ಲಿ ಕೂತಿದ್ದವರು ಮಾವ, ಮರಿ ಮೇಸ್ತ್ರಿಯ ತಾಯಿಯ ತಮ್ಮ. ದೊಡ್ಡ ಕಂಪನಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಮೂರು ವರ್ಷದ ಹಿಂದೆ ಇಲ್ಲಿ ಸಹಾಯಕರಾಗಿದ್ದರು, ಮುಖ್ಯ ತಪಾಸಣೆಗಾರ ದೊಡ್ಡ ಮೇಸ್ತ್ರಿ. ಈಗ ಆ ಕುರ್ಚಿ ಮಾವನದು.

ಗೋಡೆಯ ಮೇಲೆ ಗಾಜಿನ ಪೆಟ್ಟಿಗೆ. ಒಳಗೆ ಬೋಲ್ಟಿಗೆ ಅಂಟಿದ ತುಕ್ಕು ಹಿಡಿದ ನಟ್ಟು, ಅದರ ಮೇಲೆ ನೆಟ್ಟಗಿನ ಬಿಳಿ ಗೆರೆ. ಕೆಳಗೆ ದಪ್ಪ ಅಕ್ಷರದ ಬರಹ: 'ಬಿಗಿ ಮಾಡದೆ ಗೆರೆ ಎಳೆದರೆ ಹೀಗಾಗುತ್ತದೆ.'

ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು, ಫೋನಿನಲ್ಲಿ ಒಂದು ಫೋಟೋ ತೆಗೆದರು.

"ಇದು ಅಣ್ಣನ ಗಾಡಿಯದಾ?"

"ಹೌದು. ಎಲ್ಲರಿಗೂ ಪಾಠ ಆಗಲಿ ಅಂತ ನಾನೇ ಇಟ್ಟಿದ್ದು," ಎಂದರು ಮಾವ. ಹೊರಗೆ ಬಂದು ಅಕ್ಕನ ಮಗಳ ಪಿಕಪ್ಪಿನ ಕೆಳಗೆ ಬಗ್ಗಿಯೂ ನೋಡದೆ ಕಾಗದಕ್ಕೆ ಸೀಲು ಹಾಕಿದರು. "ಹೋಗು ಮಗಳೇ, ಚೆನ್ನಾಗಿ ಓಡಿಸು."

ಅತ್ತೆಯ ಮೈ ಉರಿಯಿತು. ಆದರೆ ದನಿ ಏರಲಿಲ್ಲ. ಸಮಿತಿಯ ಅಧ್ಯಕ್ಷರು ಪಕ್ಕದಲ್ಲೇ ಇದ್ದರು, ಹೊಗೆಯೂ ಇದ್ದ.

"ಒಂದು ನಿಮಿಷ. ಬೆಳಿಗ್ಗೆ ತಳ್ಳುವಾಗ ಹಿಂದೆ ಏನೋ ಟಕ್ ಅಂತಿತ್ತು. ಆಕ್ಸಲ್ ನಟ್ಟು ಒಂದು ಕಡೆ ಸಡಿಲ ಇರಬೇಕು. ನೀವೂ ಹೊಗೆಯೂ ಒಮ್ಮೆ ನೋಡ್ತೀರಾ?"

"ಯಾವ ಕಡೆ ಅತ್ತೆ?" ಎಂದ ಹೊಗೆ.

ಮಾವ ಏನೂ ಕೇಳಲಿಲ್ಲ. ಅಧ್ಯಕ್ಷರ ಎದುರು ಹಿಂಜರಿದರೆ ಚೆನ್ನಾಗಿರುವುದಿಲ್ಲ. ಸ್ಪ್ಯಾನರ್ ತೆಗೆದುಕೊಂಡು ನೇರ ಬಲಗಡೆ ಹೋಗಿ ಮಲಗಿದರು. ಹೊಗೆ ಎಡಗಡೆಗೆ ಹೋದ.

"ಈ ಕಡೆ ಬಿಗಿ ಇದೆ," ಎಂದು ಹೊಗೆ ಎದ್ದ. "ಗೆರೆ ಎಳೆದಿಲ್ಲ, ಸರಿಯಾಗೇ ಇದೆ. ಮೊದಲ ಓಟ ಆಗಬೇಕಲ್ಲ."

ಮಾವ ಬಿಗಿ ಮಾಡಿದರು. ಹಳೆಯ ಗೆರೆ ಒರೆಸಿದರು. ಜೇಬಿನಿಂದ ಪೇಂಟ್ ಪೆನ್ನು ತೆಗೆದು, ಕೈ ರೂಢಿಯಂತೆ, ನಾಲ್ಕಕ್ಕೂ ಹೊಸ ಗೆರೆ ಎಳೆದರು.

"ಆಯ್ತು."

"ಆಯ್ತು," ಎಂದರು ಅತ್ತೆ. "ಈಗ ಹೇಳಿ. ಸಡಿಲ ಇರೋದು ಬಲಗಡೆ ಅಂತ ನಿಮಗೆ ಯಾರು ಹೇಳಿದ್ರು?"

ಮಾವ ಪೆನ್ನನ್ನು ಜೇಬಿಗೆ ತುರುಕಿದರು.

ಅತ್ತೆ ಬೆಳಗಿನ ಫೋಟೋ ಅಧ್ಯಕ್ಷರಿಗೆ ಕೊಟ್ಟರು.

"ನಿನ್ನೆ ಶೆಡ್ಡಿಗೆ ಬಂದವರು ಇಬ್ಬರೇ. ಹೊಗೆ ಅಣ್ಣನ ಹತ್ತಿರ ಕಲಿತವನು, ಓಡದ ಗಾಡಿಗೆ ಗೆರೆ ಎಳೆಯಲ್ಲ. ಇವರು ಕಲಿತ ಕಡೆ ಬಿಗಿ ಮಾಡಿದ ಕೂಡಲೇ ಗೆರೆ. ನಮ್ಮ ಹುಡುಗಿ ಮೇಲೆ ತಪ್ಪು ಹೊರಿಸೋಕೆ ಗೆರೆ ಎಳೆದ್ರು. ಅದು ಈ ಮನೆಯ ಪದ್ಧತಿ ಅಲ್ಲ ಅಂತ ಇವರಿಗೆ ಗೊತ್ತೇ ಇರಲಿಲ್ಲ."

"ಬಟ್ಟೆ ಹೊಲಿಯೋರಿಗೆ ನಟ್ಟಿನ ವಿಷಯ ಏನು ಗೊತ್ತು!" ಮಾವ ಕೂಗಿದರು.

"ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಗೊತ್ತು. ಮೂರು ವರ್ಷದ ಹಿಂದೆಯೂ ಅಣ್ಣನ ಗಾಡಿ ಹೊಸದಾಗಿ ಕಟ್ಟಿದ್ದು, ಅದೇ ಮೊದಲ ಓಟ. ಹಾಗಾದ್ರೆ ಆ ಪೆಟ್ಟಿಗೆಯಲ್ಲಿರೋ ಗೆರೆ ಎಳೆದವರು ಯಾರು? ಕುರ್ಚಿ ಸಿಕ್ಕಿದ್ದು ಯಾರಿಗೆ? ನಿಮ್ಮ ಕೈಗೆಲಸವನ್ನ ನೀವೇ ಗೋಡೆಗೆ ನೇತುಹಾಕಿ ಮೂರು ವರ್ಷ ಕಾಪಾಡಿಕೊಂಡು ಬಂದಿದ್ದೀರಿ!"

"ಒಮ್ಮೆ ನಾನು ಮೊದಲೇ ಎಳೆದಿದ್ದಕ್ಕೆ ಮೇಸ್ತ್ರಿ ನನ್ನ ಪೇಂಟ್ ಡಬ್ಬಿನೇ ಬೀದಿಗೆ ಎಸೆದಿದ್ರು," ಎಂದ ಹೊಗೆ. "ಅವರು ಎಳೆಯೋ ಮಾತೇ ಇಲ್ಲ. ಅದು ಮೊದಲ ಓಟ ಅಂತ ಗೊತ್ತಿದ್ರೆ ಆಗಲೇ ಹೇಳ್ತಿದ್ದೆ."

ಮಾವ ಅಧ್ಯಕ್ಷರ ಮುಖ ನೋಡಿದರು. ಅಲ್ಲಿ ಆಸರೆ ಸಿಗಲಿಲ್ಲ. "ಎಲ್ಲಿ ಹೋದ್ರೂ ದೊಡ್ಡ ಮೇಸ್ತ್ರಿ, ದೊಡ್ಡ ಮೇಸ್ತ್ರಿ," ಎಂದರು ಮೆಲ್ಲಗೆ. "ನನ್ನನ್ನ ಯಾರು ಕೇಳ್ತಿದ್ರು?"

ಅಧ್ಯಕ್ಷರು ಪೊಲೀಸರಿಗೆ ಫೋನ್ ಮಾಡಿದರು. ಆಮೇಲೆ ಮರಿ ಮೇಸ್ತ್ರಿಯ ಕಡೆ ತಿರುಗಿದರು. "ನಿನ್ನ ಓಟ ಮುಂದಿನ ತಿಂಗಳಿಗೆ ಇಟ್ಟುಕೊಳ್ಳೋಣಮ್ಮ."

"ಯಾಕೆ? ನನ್ನ ಗಾಡಿಗೇನಾಗಿದೆ?" ಅವಳು ಆಗಲೇ ಕೆಳಗೆ ಮಲಗಿ ಮಾವ ಎಳೆದ ಗೆರೆಗಳನ್ನು ಥಿನ್ನರ್ ಬಟ್ಟೆಯಲ್ಲಿ ಉಜ್ಜುತ್ತಿದ್ದಳು. ಪ್ರತಿ ನಟ್ಟನ್ನೂ ತನ್ನ ಸ್ಪ್ಯಾನರಿನಲ್ಲಿ ಮತ್ತೆ ನೋಡಿದಳು. "ಇವತ್ತೇ ಓಡಿಸ್ತೀನಿ. ಯಾರು ತಡೀತೀರೋ ನೋಡ್ತೀನಿ."

ಯಾರೂ ತಡೆಯಲಿಲ್ಲ.

* * *

ಓಟದಲ್ಲಿ ಅವಳು ಸೋತಳು. ಹದಿನಾಲ್ಕರ ಗಾಳಿ ಹೊಗೆಯ ಗಾಡಿಗೂ ಚೆನ್ನಾಗಿಯೇ ಹೊಂದಿತು. ಆದರೆ ನಾನೂರು ಮೀಟರ್ ಪೂರ್ತಿ ಗಾಡಿ ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಬರೆದುಕೊಟ್ಟ ಮಾತಿನಂತೆ ಅಪ್ಪನ ನಿಷೇಧ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಪಿಕಪ್ ಶೆಡ್ಡಿಗೆ ಬಂದಾಗ ದೊಡ್ಡ ಮೇಸ್ತ್ರಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತೆ ಗಾಜಿನ ಪೆಟ್ಟಿಗೆಯ ಫೋಟೋ ತೋರಿಸಿ ಎಲ್ಲವನ್ನೂ ಹೇಳಿದರು. ಆ ಬಿಳಿ ಗೆರೆಯನ್ನು ಅವರು ನೋಡಿದ್ದು ಅದೇ ಮೊದಲು.

"ಇದು ನಂದಲ್ಲ," ಎಂದರು. ಇನ್ನೊಮ್ಮೆ, ಜೋರಾಗಿ: "ಇದು ನಂದಲ್ಲ!"

ಕಣ್ಣೊರೆಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಗಳನ್ನು ಗದರಿದರು.

"ಮೊದಲ ಓಟ ಆಯ್ತಲ್ಲ, ಏನು ನೋಡ್ತಾ ನಿಂತಿದೀಯ? ಸ್ಪ್ಯಾನರ್ ಕೊಡು."

ಅವಳು ಕೊಟ್ಟಳು. ಪೇಂಟನ್ನೂ ತಂದು ಪಕ್ಕದಲ್ಲಿಟ್ಟಳು. ಅವರು ಕುರ್ಚಿಯಿಂದ ಎದ್ದು ಗಾಡಿಯ ಕೆಳಗೆ ಮಲಗಿದರು.