ಸುಮ್ಮನಾದ ನರಕೋಶ

"ಕೊಂದುಬಿಟ್ರಲ್ಲ!"

ಬಾಗಿಲು ಧಡಾರನೆ ತೆರೆದದ್ದೂ, ಅವಳ ಬಾಯಿಂದ ಆ ಮಾತು ಹೊರಬಿದ್ದದ್ದೂ ಒಂದೇ ಕ್ಷಣದಲ್ಲಿ.

ಬಾಗಿಲಲ್ಲಿದ್ದ ಎತ್ತರದ ಯುವಕ ಬೆಚ್ಚಿಬಿದ್ದ. ಕೈಯಲ್ಲಿದ್ದ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು, "ಯಾ... ಯಾರನ್ನ?" ಎಂದ.

"ನನ್ನ ಕೋಶಾನ! ಬೆಳಗಿನಿಂದ ಕಾದು ಕೂತು ಈಗಷ್ಟೇ ಹಿಡಿದಿದ್ದೆ. ಹೊರಗೆ ಕೆಂಪು ದೀಪ ಉರೀತಿರೋದು ಕಾಣಿಸ್ಲಿಲ್ವಾ ನಿಮಗೆ?"

"ಕಾಣಿಸ್ತು... ಯಾರೋ ಆರಿಸೋಕೆ ಮರೆತಿದಾರೆ ಅಂದ್ಕೊಂಡೆ."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಕೋಪ ನೆತ್ತಿಗೇರಿದಾಗ ನಗು ಎಲ್ಲಿಂದ ಬರಬೇಕು!

ಅವಳ ಕೆಲಸವೇ ಅಂಥದ್ದು. ಇಲಿಯ ಮಿದುಳಿನ ತೆಳ್ಳನೆಯ ಒಂದು ಹೋಳು, ಗುಳ್ಳೆಯೇಳುವ ಉಪ್ಪುನೀರಿನಲ್ಲಿ ಕೆಲವು ಗಂಟೆ ಮಾತ್ರ ಜೀವ ಹಿಡಿದುಕೊಂಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟು ಅದರಲ್ಲಿ ಒಂದೇ ಒಂದು ನರಕೋಶವನ್ನು ಹುಡುಕಬೇಕು. ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯನ್ನು ಅದರ ಮೈಗೆ ತಾಗಿಸಬೇಕು. ನಳಿಕೆಗೆ ಜೋಡಿಸಿದ ರಬ್ಬರ್ ಕೊಳವೆ ಅವಳ ತುಟಿಗಳ ನಡುವೆ ಇರುತ್ತದೆ. ಅದನ್ನು ಎಷ್ಟು ಮೆಲ್ಲಗೆ ಹೀರಬೇಕೆಂದರೆ, ಕೋಶದ ಗೋಡೆ ಗಾಜಿಗೆ ಅಂಟಿಕೊಳ್ಳಬೇಕು, ಆದರೆ ಕೋಶ ಸಾಯಬಾರದು. ಅಷ್ಟಾದರೆ ಅದರೊಳಗಿನ ವಿದ್ಯುತ್ತನ್ನು ಅಳೆಯಬಹುದು. ಅಷ್ಟರಲ್ಲಿ ಯಾರಾದರೂ ಬಾಗಿಲು ಬಡಿದರೆ? ಎಲ್ಲ ನೀರಲ್ಲಿ ಹೋಮ.

ಈ ಕೆಲಸದಲ್ಲಿ ಅವಳನ್ನು ಮೀರಿಸಿದವರು ಆ ಪ್ರಯೋಗಾಲಯದಲ್ಲಿ ಇರಲಿಲ್ಲ. 'ಬಂಗಾರದ ಕೈ' ಎನ್ನುತ್ತಿದ್ದವರು ಬರಬರುತ್ತ 'ಬಂಗಾರಿ' ಎಂದೇ ಕರೆಯತೊಡಗಿದ್ದರು. ಇವನೋ ಅಂದೇ ಕೆಲಸಕ್ಕೆ ಸೇರಿದವನು. ಅವಳು ಅಳೆದದ್ದನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಒಂದು ಲೆಕ್ಕದ ನರಕೋಶವನ್ನು ಕಟ್ಟುವುದು ಅವನ ಕೆಲಸ. ಆ ವಾರ ಕಳೆಯುವುದರೊಳಗೆ ಅವನಿಗೂ ಹೆಸರು ಬಿತ್ತು. 'ಸಮೀಕರಣ'!

"ಇನ್ನೊಂದು ಹಿಡೀತೀರಾ? ನಾನು ಒಂದು ಸಲ ನೋಡಬಹುದಾ?" ಎಂದು ಅವನು ಮೆಲ್ಲಗೆ ಕೇಳಿದ.

'ಮಾಡೋದು ಮಾಡಿ ಈಗ ಬೇರೆ ನೋಡ್ಬೇಕಂತೆ!' ಎಂದುಕೊಂಡಳು. ಆದರೆ ಆ ಮುಖದಲ್ಲಿ ನಿಜವಾದ ಆಸೆಯಿತ್ತು. "ಕೂತ್ಕೊಳ್ಳಿ. ಅಲ್ಲಾಡಬೇಡಿ. ಉಸಿರಾಡೋದಾದ್ರೂ ಮೆಲ್ಲಗೆ," ಎಂದಳು.

ಅವನು ಕಲ್ಲಿನಂತೆ ಕೂತ. ಬಹಳ ಹೊತ್ತಿನ ಮೇಲೆ ಒಂದು ಕೋಶ ಸಿಕ್ಕಿತು. ಅವಳು ಸ್ಪೀಕರಿನ ಗುಂಡಿ ಒತ್ತಿದಳು.

ಟಪ್... ಟಪ್... ಟಪ್ ಟಪ್.

ಅವಳು ತಿರುಗಿ ನೋಡಿದರೆ ಅವನ ಕಣ್ಣು ಒದ್ದೆಯಾಗಿತ್ತು.

"ಇಷ್ಟು ವರ್ಷ ಇದರ ಲೆಕ್ಕ ಮಾಡಿದೀನಿ. ದನಿ ಕೇಳಿದ್ದು ಇವತ್ತೇ... ಯಾರಿಗೂ ಹೇಳ್ಬೇಡಿ. ನಾಚಿಕೆ ಆಗುತ್ತೆ," ಎಂದ.

ಅವಳು ತಲೆಯಾಡಿಸಿದಳು. ಆ ಹೊತ್ತಿನಿಂದಲೇ ಬಂಗಾರಿಯ ಮನಸ್ಸು ಅವಳ ಮಾತು ಕೇಳುವುದನ್ನು ಬಿಟ್ಟಿತು. ಅದು ಅವಳಿಗೆ ಗೊತ್ತಾದದ್ದು ಮಾತ್ರ ಎಷ್ಟೋ ದಿನದ ಮೇಲೆ.

ಆಮೇಲೆ ಮಧ್ಯಾಹ್ನದ ಡಬ್ಬಿ ಬಿಚ್ಚುವುದು ಹಿಂಬದಿಯ ಮೆಟ್ಟಿಲ ಮೇಲೆ, ಇಬ್ಬರೇ, ಎಂದಾಯಿತು. ಅವನಿಗೆ ಮಾತಿನ ಚಟ. ಅದೂ ನರಕೋಶದ ಮಾತು ಬಂದರೆ ಊಟವೂ ಬೇಡ.

"ನೋಡಿ, ಅದರ ಗೋಡೆ ತುಂಬ ಪುಟ್ಟ ಪುಟ್ಟ ಬಾಗಿಲು. ಸುಮ್ಮನಿದ್ದಾಗ ಬಹಳಷ್ಟು ಮುಚ್ಚಿರ್ತವೆ. ಅಕ್ಕಪಕ್ಕದ ಸಾವಿರಾರು ಕೋಶಗಳು ಒಂದೇ ಸಮ ಪಿಸುಗುಡ್ತಿರ್ತವೆ. ಕೆಲವು 'ಹೇಳು, ಹೇಳು' ಅಂತವೆ, ಕೆಲವು 'ಬೇಡ, ಸುಮ್ನಿರು' ಅಂತವೆ. ಎಲ್ಲ ಕೂಡಿಸಿ ಕಳೆದು ಒಂದು ಹೊಸ್ತಿಲು ದಾಟಿದ್ರೆ, ಬಾಗಿಲು ಪಟಪಟ ತೆರ್ಕೊಂಡು ಉಪ್ಪಿನ ಕಣಗಳು ಒಳಗೆ ನುಗ್ತವೆ. ಆಗ ಪೂರ್ತಿ ಹೇಳುತ್ತೆ. ದಾಟ್ಲಿಲ್ವಾ, ಏನೂ ಇಲ್ಲ. ಅರ್ಧ ಮಾತು ಅದಕ್ಕೆ ಗೊತ್ತೇ ಇಲ್ಲ!"

"ಮನುಷ್ಯರಿಗಿಂತ ವಾಸಿ ಬಿಡಿ," ಎಂದಳು ಅವಳು.

ಅವನು ಅವಳನ್ನೇ ನೋಡಿದ. ಏನೋ ಹೇಳಬಂದವನು ಡಬ್ಬಿಯ ಮುಚ್ಚಳ ಹಾಕಿದ. ಅವಳೂ ಹಾಕಿದಳು. ಇಬ್ಬರೂ ಓದಿದವರು, ಇಬ್ಬರೂ ಜಾಣರು. ಆದರೂ ಮುಚ್ಚಳ ಹಾಕಿದ್ದೇ ಹಾಕಿದ್ದು!

ಇಲ್ಲಿ ಒಂದು ವಿಷಯ ಹೇಳಲೇಬೇಕು. ಗಾಜಿನ ನಳಿಕೆಯೊಳಗೆ ಒಂದು ದ್ರವ, ಕೋಶವಿರುವ ಬಟ್ಟಲಲ್ಲಿ ಇನ್ನೊಂದು ದ್ರವ. ಎರಡೂ ಕೂಡುವ ತುದಿಯಲ್ಲಿ ತಾನಾಗಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಅದು ಕೋಶದ್ದಲ್ಲ. ಆದ್ದರಿಂದ ಅಳತೆಯಿಂದ ಅಷ್ಟನ್ನು ಕಳೆಯಬೇಕು. ಬೇಸರದ ಕೆಲಸ. ಯಾರು ಮಾಡಬೇಕೆಂದು ಆ ಪ್ರಯೋಗಾಲಯದಲ್ಲಿ ನಿಯಮವೇನೂ ಇರಲಿಲ್ಲ. ಯಾರಿಗೆ ಬಿಡುವೋ ಅವರು ಮಾಡಿ, "ಕಳೆದಿದೀನಿ" ಎಂದು ಇನ್ನೊಬ್ಬರಿಗೆ ಹೇಳುವುದು ರೂಢಿ. ಒಂದೇ ಮಾತು.

ಆ ಮಾತನ್ನು ನಮ್ಮ ಈ ಇಬ್ಬರೂ ಆಡಲಿಲ್ಲ. ಏಕೆ ಆಡಲಿಲ್ಲ ಎನ್ನುವುದೇ ಈ ಕಥೆ.

ಕೆಲವು ತಿಂಗಳ ಮೇಲೆ ಪ್ರಯೋಗಾಲಯದ ಸಭೆಯ ದಿನ ಬಂತು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದರು. ಸಮೀಕರಣ ತನ್ನ ಲೆಕ್ಕದ ಕೋಶಕ್ಕೆ ವಿದ್ಯುತ್ತು ಕೊಟ್ಟು ತೋರಿಸಿದ. ಪರದೆಯ ಮೇಲೆ ಗೆರೆ ಸ್ವಲ್ಪ ಏರಿತು, ಮತ್ತೆ ಕೂತಿತು. ಇನ್ನಷ್ಟು ಕೊಟ್ಟ. ಊಹ್ಞೂಂ. ಅಷ್ಟೇ ವಿದ್ಯುತ್ತಿಗೆ ಬಂಗಾರಿಯ ನಿಜವಾದ ಕೋಶಗಳು ಗಲಗಲ ಎನ್ನುತ್ತಿದ್ದವು. ಇದು ಮಾತ್ರ ಮಾತೇ ಆಡಲಿಲ್ಲ.

"ತಪ್ಪು ಎಲ್ಲಿದೆ? ಲೆಕ್ಕದಲ್ಲೋ, ಅಳತೆಯಲ್ಲೋ?" ಮೇಡಂ ಕೇಳಿದರು.

ಅವನು ಬೆವರು ಒರೆಸಿಕೊಂಡ. "ಲೆಕ್ಕಾನ ತಿರುಗಿಸಿ ಮುರುಗಿಸಿ ನೋಡಿದೀನಿ, ಮೇಡಂ. ಅದರಲ್ಲಿ ತಪ್ಪು ಕಾಣ್ತಿಲ್ಲ..."

ಅಂದರೆ ತಪ್ಪು ನನ್ನದು! ಬಂಗಾರಿಯ ಎದೆಗೆ ಚೂರಿ ಹಾಕಿದಂತಾಯಿತು. ನನ್ನ ಕೈ ಸರಿಯಿಲ್ಲ ಅಂತ ಎಲ್ಲರ ಮುಂದೆ ಹೇಳಿಬಿಟ್ಟ! ಅವನು ಹಾಗೆ ಹೇಳಿರಲೇ ಇಲ್ಲ. ಆದರೆ ನೋವಾದವರ ಕಿವಿಗೆ ಹೇಳದ್ದೇ ಜೋರಾಗಿ ಕೇಳುವುದು.

ಅವಳು ಎದ್ದು ನಿಂತಳು.

"ಇಷ್ಟು ವರ್ಷ ಕೋಶದ ದನೀನೇ ಕೇಳದೆ ಲೆಕ್ಕ ಬರೆದವರು ಇವರು, ಮೇಡಂ. ಆ ಲೆಕ್ಕಕ್ಕೆ ಬಾಯಿ ಬರದಿದ್ರೆ ಆಶ್ಚರ್ಯ ಏನು?"

ಯಾರೋ ಕಿಸಕ್ಕೆಂದು ನಕ್ಕರು.

ಅವನು ಅವಳನ್ನು ನೋಡಿದ. ಕೋಪವಿಲ್ಲ, ಏನೂ ಇಲ್ಲ. ಬರೀ ಒಂದು ನೋಟ. ಯಾರಿಗೂ ಹೇಳಬೇಡಿ ಎಂದು ನಂಬಿ ಹೇಳಿದ್ದನ್ನೇ ಎತ್ತಿ ಎಲ್ಲರ ಮುಂದೆ ಎಸೆದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನದಿಂದ ಮೆಟ್ಟಿಲು ಖಾಲಿ.

ಅವಳ ಕೋಣೆಗೂ ಅವನ ಕೋಣೆಗೂ ನಡುವೆ ಒಂದೇ ಗೋಡೆ. ಅವನ ಕುರ್ಚಿಯ ಚಕ್ರ ಕಿರ್ ಎಂದರೆ ಇವಳ ಕೈ ನಿಲ್ಲುತ್ತಿತ್ತು. ಈಗ ಎದ್ದ... ಈಗ ಕಿಟಕಿಯ ಹತ್ತಿರ ಹೋದ... ಬಾಗಿಲು ತೆರೆಯುತ್ತಾನಾ? ಇಲ್ಲ. ಮತ್ತೆ ಕೂತ. ಅಳತೆಯ ಕಡತ ಕಳಿಸಿದರೆ "ತಲುಪಿತು" ಎಂದು ಒಂದು ಪದ ಬರುತ್ತಿತ್ತು. ಆ ಒಂದು ಪದವನ್ನು ಅವಳು ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಓದುತ್ತಿದ್ದಳು. ಅದರಲ್ಲಿ ಕೋಪ ಇದೆಯೇ? ಸ್ವಲ್ಪವಾದರೂ ಪ್ರೀತಿ? 'ತಲುಪಿತು' ಎನ್ನುವುದರಲ್ಲಿ ಏನು ಹುಡುಕುತ್ತೀಯೇ ಹುಚ್ಚಿ!

ಮನೆಯಲ್ಲಿ ಅಣ್ಣನಿಗೆ ಇದೊಂದೂ ಗೊತ್ತಾಗಲಿಲ್ಲ. ಅತ್ತಿಗೆಗೆ ಗೊತ್ತಾಗದೇ ಇರುತ್ತದೆಯೇ? ಹೊಲಿಗೆ ಯಂತ್ರದ ಮುಂದೆ ಕೂತು ಊರವರ ಬಟ್ಟೆಯ ಜೊತೆಗೆ ಮನೆಯವರ ಮುಖವನ್ನೂ ಅಳೆಯುವ ಹೆಂಗಸು ಆಕೆ.

"ಏನೇ, ತಟ್ಟೆ ಮುಂದೆ ಇಟ್ಕೊಂಡು ಗೋಡೆ ನೋಡ್ತಿದೀಯಾ?"

"ಏನಿಲ್ಲ ಅತ್ತಿಗೆ."

"ಈ 'ಏನಿಲ್ಲ'ಕ್ಕೆ ಎಷ್ಟು ಎತ್ತರ, ಯಾವ ಬಣ್ಣ?"

ಅಷ್ಟು ಸಾಕಾಯಿತು. ಅವಳು ಅತ್ತಿಗೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಎಲ್ಲ ಕೇಳಿಸಿಕೊಂಡ ಅತ್ತಿಗೆ ಅವಳ ತಲೆ ಸವರಿದರು.

"ತಪ್ಪಾಯ್ತು ಅಂತ ಹೇಳೋಕೇನು? ಬಾಯಲ್ಲಿರೋ ಮುತ್ತು ಉದುರಿಹೋಗುತ್ತಾ?"

"ಅವರು ನನ್ನ ಕೈ ಮೇಲೇ ಅನುಮಾನ ಪಟ್ರು, ಅತ್ತಿಗೆ!"

"ಪಟ್ಟಿದ್ರೆ ಅದನ್ನೂ ಕೇಳು. ಸುಮ್ನೆ ಕೊರಗಿದ್ರೆ ಅವನಿಗೆ ಕನಸು ಬೀಳುತ್ತಾ?"

ಕೇಳಬೇಕು, ನಾಳೆ ಕೇಳಬೇಕು ಎಂದುಕೊಂಡಳು. ನಾಳೆ ಬಂತು. ಗೋಡೆಯಾಚೆ ಕುರ್ಚಿ ಕಿರ್ ಎಂದಿತು. ಅವಳ ಕಾಲು ಮೇಲೇಳಲಿಲ್ಲ. ಹೀಗೇ ವಾರಗಳು ಉರುಳಿದವು.

ಒಂದು ಬೆಳಿಗ್ಗೆ ಮೇಡಂ ಕರೆದರು.

"ಬಂಗಾರಿ, ನಿನ್ನ ಅಳತೆಗಳನ್ನೆಲ್ಲ ಸಮೀಕರಣನ ಹತ್ರ ವಾಪಸ್ ತಗೊಂಡುಬಿಡು. ಅವನು ಹೋಗ್ತಿದಾನೆ."

"ಹೋಗ್ತಿದಾರಾ? ಎಲ್ಲಿಗೆ?"

"ಬೇರೆ ಪ್ರಯೋಗಾಲಯ. ದೂರ. ಒಪ್ಕೊಂಡೂ ಆಗಿದೆಯಂತೆ." ಮೇಡಂ ಕನ್ನಡಕದ ಮೇಲಿಂದ ನೋಡಿದರು. "ನಿನಗೆ ಹೇಳಿಲ್ವಾ?"

ಹೇಗೆ ಹೊರಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಆ ಕುರ್ಚಿಯ ಸದ್ದೂ ಇನ್ನು ಇರುವುದಿಲ್ಲ! ಅಷ್ಟು ದಿನ ಏಳದ ಕಾಲು ತಾನಾಗಿ ಅವನ ಬಾಗಿಲಿಗೆ ಹೋಗಿ ನಿಂತಿತು.

ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಸೋತಿತ್ತು.

"ಕಡತಗಳಾ? ಈಗಲೇ ಕೊಡ್ತೀನಿ," ಎಂದ.

"ಅದಕ್ಕೆ ಬಂದಿಲ್ಲ... ಅಲ್ಲ, ಅದಕ್ಕೂ ಬಂದೆ." ಅವಳು ಬಾಗಿಲು ದಾಟಿ ಒಳಗೆ ಬಂದಳು. "ಅವತ್ತು ಸಭೇಲಿ ನಾನು ಆಡಿದ್ದು ತಪ್ಪು. ದೊಡ್ಡ ತಪ್ಪು. ನೀವು ನಂಬಿ ಹೇಳಿದ್ದನ್ನ..."

"ಬಿಡಿ. ನಿಜಾನೇ ಹೇಳಿದ್ರಿ."

"ಬಿಡಲ್ಲ. ನಿಮ್ಮ ಆ ಲೆಕ್ಕದ ಕೋಶ ತೋರಿಸಿ. ನನ್ನ ಕೈಯಲ್ಲಿ ಏನು ತಪ್ಪಿದೆ ಅಂತ ತೋರಿಸಿಬಿಟ್ಟೇ ಹೋಗಿ."

ಅವನು ಲ್ಯಾಪ್‌ಟಾಪ್ ತೆರೆದ. ಗೆರೆ ಮೂಡಿತು. ಅದೇ ಗೆರೆ, ಅದೇ ಮೌನ. ಅವಳು ಬಾಗಿ ನೋಡಿದಳು. ಗೆರೆ ಹೊರಡುವ ಜಾಗದಲ್ಲಿ, ಸುಮ್ಮನಿದ್ದಾಗ ಕೋಶದ ವಿದ್ಯುತ್ತು ಎಷ್ಟು ಮಿಲಿವೋಲ್ಟ್ ಎಂದು ಹೇಳುವ ಒಂದು ಅಂಕಿಯಿತ್ತು. ಅಂದು ಸಭೆಯಲ್ಲೂ ಪರದೆಯ ಮೇಲೆ ಅದೇ ಅಂಕಿ ಇತ್ತು. ಅಂದು ಅವಳು ನೋಡಿದ್ದು ಅವನ ಮುಖವನ್ನು.

"ಇದೇನು? ಮೈನಸ್ ಎಂಬತ್ತೈದಾ? ಇಷ್ಟು ಕೆಳಗೆ ಯಾಕೆ ಕೂರಿಸಿದೀರಿ?"

"ನಾನಲ್ಲ. ನಿಮ್ಮ ಅಳತೆಯಿಂದಲೇ ತಗೊಂಡಿದ್ದು. ಕೆಲವು ಕೋಶ ಅಲ್ಲಿ ಕೂರೋದೂ ಉಂಟು ಅಂತ ಸುಮ್ಮನಾದೆ."

"ನನ್ನ ಕೋಶಗಳು ಮೈನಸ್ ಎಪ್ಪತ್ತೆರಡು, ಎಪ್ಪತ್ಮೂರು ಬಿಟ್ಟು ಕೆಳಗಿಳಿಯಲ್ಲ! ದಿನಾ ನೋಡ್ತೀನಿ. ಇಲ್ಲಿಂದ ಹೊರಟ್ರೆ ಪಾಪ ಅದು ಹೊಸ್ತಿಲು ಹೇಗೆ ಮುಟ್ಟುತ್ತೆ?" ಅವಳು ಥಟ್ಟನೆ ನಿಂತಳು. "ಒಂದು ನಿಮಿಷ. ನೀವೇನಾದ್ರೂ... ನಳಿಕೆ ತುದೀದನ್ನ ಕಳೆದ್ರಾ?"

ಅವನ ಮುಖ ಬಿಳುಚಿತು. "ಕಳೆದೆ. ಎಲ್ಲಾದಕ್ಕೂ. ನೀವು ಕಳೆದಿರಲ್ಲ ಅಂದ್ಕೊಂಡು..."

"ನಾನು ಕಳೆದೇ ಕಳಿಸಿದ್ದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದು ಸಲ ಕಳೆಯಬೇಕಾದದ್ದನ್ನು ಇಬ್ಬರೂ ಕಳೆದಿದ್ದರು. ಕೋಶದ ಬಾಯಿ ಕಟ್ಟಿದ್ದು ಅದೇ.

"ಕಳೆದಿದೀನಿ ಅಂತ ಯಾಕೆ ಹೇಳ್ಲಿಲ್ಲ?" ಅವನು ಕೇಳಿದ.

"ನಿಮಗೆ ಆ ಬೇಸರದ ಕೆಲಸ ಬೇಡ ಅಂತ ಮನೇಲಿ ಕೂತು ಮಾಡ್ತಿದ್ದೆ. ಹೇಳಿದ್ರೆ ಉಪಕಾರ ಮಾಡಿ ತೋರಿಸ್ಕೊಂಡ ಹಾಗಾಗುತ್ತೆ ಅಂತ... ನೀವ್ಯಾಕೆ ಹೇಳ್ಲಿಲ್ಲ?"

"ಹಗಲೆಲ್ಲ ಕತ್ತಲೆ ಕೋಣೇಲಿ ಕಣ್ಣು ಹಾಳು ಮಾಡ್ಕೊಳ್ತೀರಿ. ಇದೊಂದಾದ್ರೂ ನಾನು ಮಾಡೋಣ ಅಂತ. ಹೇಳಿದ್ರೆ, ನೀವು ಮಾಡಿಲ್ಲ ಅಂತ ಎತ್ತಿ ಆಡಿದ ಹಾಗಾಗುತ್ತೆ ಅನ್ನಿಸ್ತು."

ಅವನು ಅಂಕಿ ಬದಲಿಸಿದ. ವಿದ್ಯುತ್ತು ಕೊಟ್ಟ. ಗೆರೆ ಏರಿತು, ಹೊಸ್ತಿಲು ಮುಟ್ಟಿತು... ಚಂಗನೆ ನೆಗೆಯಿತು! ಮತ್ತೆ ನೆಗೆಯಿತು. ಪರದೆಯ ತುಂಬ ಸಾಲು ಸಾಲು ಶಿಖರಗಳು.

ಇಬ್ಬರೂ ಪರದೆಯನ್ನು ನೋಡಲಿಲ್ಲ.

"ನಿಮ್ಮ ಕೈ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿಲ್ಲ," ಎಂದ ಅವನು. "ನಾನು ಹೋಗ್ತಿರೋದು ಕೋಪಕ್ಕಲ್ಲ. ಗೋಡೆ ಆಚೆ ನೀವಿದ್ದೂ ಇಲ್ಲದ ಹಾಗೆ ಇರೋಕೆ ನನ್ನ ಕೈಲಿ ಆಗ್ಲಿಲ್ಲ."

ಕಣ್ಣೀರು ಅವಳ ಕೆನ್ನೆಗಿಳಿಯಿತು. ಒರೆಸಿಕೊಳ್ಳಲಿಲ್ಲ. ಇನ್ನು ಮುಚ್ಚಿಟ್ಟು ಯಾರನ್ನು ಉದ್ಧಾರ ಮಾಡಬೇಕು?

"ಹೋಗ್ಬೇಡಿ," ಎಂದಳು. "ನನಗೆ ನೀವು ಬೇಕು. ಲೆಕ್ಕಕ್ಕಲ್ಲ. ನನಗೆ ಬೇಕು. ನಿಮ್ಮನ್ನ ಪ್ರೀತಿಸ್ತೀನಿ. ಕೇಳಿಸ್ತಾ?"

ಅವನು ಫೋನ್ ತೆಗೆದು ಒಂದು ಸಂಖ್ಯೆ ಒತ್ತಿದ.

"ಸರ್, ನಮಸ್ಕಾರ. ನಾನು... ಕ್ಷಮಿಸಿ ಸರ್, ನಿಮ್ಮಲ್ಲಿಗೆ ಕೆಲಸಕ್ಕೆ ಬರೋಕಾಗಲ್ಲ. ಕಾರಣ... ಕಾರಣ ನನ್ನ ಮುಂದೇನೇ ನಿಂತು ಅಳ್ತಾ ಇದೆ ಸರ್."

ಆ ಕಡೆಯಿಂದ ಏನೋ ಕೇಳಿಸಿತು. ಅವನು "ಹ್ಞೂಂ ಸರ್, ಹ್ಞೂಂ ಸರ್" ಎನ್ನುತ್ತ ಕೆಂಪಾಗಿ ಫೋನ್ ಇಟ್ಟ.

"ಏನಂದ್ರು? ಬೈದ್ರಾ?"

"ನಕ್ರು. 'ಮೊದಲೇ ಹೇಳೋದಲ್ವೇನಪ್ಪಾ' ಅಂದ್ರು."

ಅವಳು ಅಳುತ್ತಲೇ ನಕ್ಕಳು. ಅವನು ಹತ್ತಿರ ಬಂದು, ಸೂಕ್ಷ್ಮದರ್ಶಕದ ಮುಂದೆ ಎಂದೂ ನಡುಗದ, ಈಗ ಗಡಗಡ ನಡುಗುತ್ತಿದ್ದ ಆ ಕೈಗಳನ್ನು ಹಿಡಿದುಕೊಂಡ.

"ನಾನೂ ಪ್ರೀತಿಸ್ತೀನಿ. ಎಷ್ಟು ದಿನದಿಂದ ಅಂತ ಕೇಳ್ಬೇಡಿ, ಮಾನ ಹೋಗುತ್ತೆ... ಆದ್ರೆ ಒಂದು ತೊಂದರೆ ಇದೆ. ಅಲ್ಲಿ ಕೆಲಸ ಬಿಟ್ಟೆ. ಇಲ್ಲಿ ಮೇಡಂಗೆ ಹೋಗ್ತೀನಿ ಅಂತ ಹೇಳಿಯಾಗಿದೆ. ಈಗ ನಾನು ಎರಡೂ ಕಡೆ ಇಲ್ಲ."

"ಮೇಡಂ ಹತ್ರ ಇಬ್ಬರೂ ಹೋಗೋಣ. ತಪ್ಪು ಇಬ್ಬರದೂ ಅಂತ ಹೇಳೋಣ. ಉಳಿಸಿಕೊಂಡ್ರೆ ಸರಿ."

"ಉಳಿಸಿಕೊಳ್ಳದಿದ್ರೆ?"

"ಬೇರೆ ಕಡೆ ಹುಡುಕಿ. ಎಲ್ಲಿ ಸಿಕ್ರೂ ಸಂಜೆ ನನ್ನ ಹತ್ರ ಬಂದು, ಅವತ್ತು ಮನಸ್ಸಲ್ಲಿ ಏನೇನಿತ್ತೋ ಅಷ್ಟನ್ನೂ ಹೇಳ್ಬೇಕು. ಆಗುತ್ತಾ?"

"ಅಷ್ಟನ್ನೂನಾ? ರಾತ್ರಿ ಆಗಿಬಿಡುತ್ತಲ್ಲ!"

"ಆಗ್ಲಿ," ಎಂದಳು ಬಂಗಾರಿ. "ನಾನು ಕೇಳ್ತೀನಿ."