ಬಣ್ಣ ಬಿಡದ ಹಾಗೆ ಅಕ್ಷರ ಬಿಡಿಸುವುದು

ಆ ರೈಲು ಬೋಗಿಯನ್ನು ನೋಡುವ ಹಾಗೆ ಕೈಲಾಶ ತನ್ನನ್ನು ಒಂದೇ ಒಂದು ಸಲ ನೋಡಿದ್ದರೆ, ವಿಶಾಖಾಳ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಗೇಣುದ್ದದ ಬೋಗಿ. ಆಟಿಕೆ ಅಂದರೆ ಅವನಿಗೆ ಸಿಟ್ಟು, ಮಾಡೆಲ್ ಅನ್ನಬೇಕು. ಮೈಯೆಲ್ಲ ಕಡುನೀಲಿ, ಅದರ ಮೇಲೆ ಕಂಪನಿಯವರು ಅಚ್ಚು ಹಾಕಿದ ಹಳದಿ ಅಕ್ಷರ. ಬಣ್ಣಕ್ಕೆ ಗೊತ್ತಾಗದ ಹಾಗೆ ಆ ಅಕ್ಷರಗಳನ್ನು ತೆಗೆಯಬೇಕು. ಕೈಲಾಶ ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಅಕ್ಷರದ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದ. ಅಂಚು ಸಡಿಲಾದ ಮೇಲೆ ಹಲ್ಲುಕಡ್ಡಿಯ ತುದಿಯಿಂದ ಎಬ್ಬಿಸುತ್ತಿದ್ದ. ಆಮೇಲೆ ಹತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಹಳದಿ ಬಂದಿದ್ದರೆ ಸೈ. ನೀಲಿ ಕಂಡಿತೋ, ಅಲ್ಲಿಗೇ ಕೈ ತೆಗೆಯಬೇಕು.

"ಹಸುಗೂಸಿಗೆ ಎಣ್ಣಿ ಹಚ್ಚಿದಂಗ ಮಾಡ್ಲಕತ್ತೀರಲ್ಲ," ಎಂದಳು ವಿಶಾಖಾ.

"ಹಾಂಗ ಮಾಡಬೇಕಾಗ್ತದರಿ," ಎಂದ ಅವನು, ತಲೆ ಎತ್ತದೆ.

ಕೈಲಾಶ ಠಾಣಾ ಕುಶನೂರಿನವನು. ಅವನ ಊರಿಗೆ ಬರುವುದು ಬಸ್ಸು ಮಾತ್ರ, ಹುಚ್ಚು ಹಿಡಿದದ್ದು ರೈಲಿನದು. ಬೀದರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ, ಭಾನುವಾರ ಬಂದರೆ ಯಾರ್‍ಯಾರದೋ ಮಾಡೆಲ್ ರೈಲುಗಳಿಗೆ ಹೊಸ ಹೆಸರು ಹಾಕುವ ಕೆಲಸ. ಅವನ ಬಾಡಿಗೆ ಕೋಣೆಯ ಕೆಳಗೇ ವಿಶಾಖಾಳ ಬ್ಯೂಟಿ ಪಾರ್ಲರ್. ಒಂದು ದಿನ ಬಾಗಿಲಲ್ಲಿ ನಿಂತು, "ಉಗುರಿನ ಮ್ಯಾಲ ಹೂ ಬಿಡಿಸೋ ಬ್ರಶ್ ಸಿಗ್ತದೇನ್ರಿ?" ಎಂದಿದ್ದ.

"ಗಂಡಸರಿಗೆ ನಾವು ಮಾಡಂಗಿಲ್ರಿ," ಎಂದು ಅವಳು ಮುಖ ಗಂಟಿಕ್ಕಿದ್ದಳು. ಅವನ ಕಿವಿ ಕೆಂಪಾಗಿದ್ದು ಕಂಡು ಆಮೇಲೆ ನಕ್ಕಿದ್ದಳು.

ಅವತ್ತಿನಿಂದ ಅವನು ಅಕ್ಷರ ತೆಗೆಯುವವನು, ಇವಳು ಅಕ್ಷರ ಬರೆಯುವವಳು. ಉಗುರಿನ ಮೇಲೆ ಮಲ್ಲಿಗೆ ಬಿಡಿಸುವ ಕೈಗೆ ಬೋಗಿಯ ಮೇಲೆ 'ಬೀದರ' ಎಂದು ಬರೆಯುವುದೇನು ಮಹಾ? ಐತವಾರ, ಅಂದರೆ ಭಾನುವಾರ, ಗಿರಾಕಿ ಬಂದರೂ ಅವಳು ಶಟರ್ ಅರ್ಧ ಇಳಿಸಿ ಮೇಲೆ ಹೋಗುತ್ತಿದ್ದಳು. ಪ್ರೀತಿ ಅಂದರೆ ಇನ್ನೇನು, ನೀವೇ ಹೇಳಿ.

ಆದರೆ ಈ ನೀಲಿ ಬೋಗಿ ಬಂದಾಗಿನಿಂದ ಎಲ್ಲ ಕೆಟ್ಟಿತು. ಇದು ಭಾಲ್ಕಿಯ ಆಮ್ರಪಾಲಿ ಎಂಬ ಹುಡುಗಿಯ ಅಪ್ಪನದಂತೆ. ಮೊದಲ ದಿನವೇ ವಿಶಾಖಾ ಕೈ ಚಾಚಿದಾಗ ಕೈಲಾಶ ಬೋಗಿಯನ್ನು ತನ್ನ ಕಡೆ ಎಳೆದುಕೊಂಡಿದ್ದ.

"ಇದೊಂದು ಮುಟ್ಟಬ್ಯಾಡ್ರಿ."

"ಯಾಕ?"

"ಹಾಂಗs."

ಹಾಂಗs ಅಂದರೆ ಏನು ಅರ್ಥ?

ಅರ್ಥ ಇವತ್ತು ಗೊತ್ತಾಯಿತು. ಎರಡೂ ಕೈ ಕೆಲಸದಲ್ಲಿದ್ದುದರಿಂದ ಕೈಲಾಶ ಫೋನ್ ಸ್ಪೀಕರಿಗೆ ಹಾಕಿದ್ದ. ಆ ಕಡೆ ಮೆಹಕರದ ಅವನ ಚಿಕ್ಕವ್ವ ಕೌಸಲ್ಯಾಬಾಯಿ.

"ಆಮ್ರಪಾಲಿ ಇವತ್ತ ತಾನs ಬರ್ತಾಳ ನೋಡು, ಬೋಗಿ ಒಯ್ಯಲಕ್. ಬ್ಯಾಂಕಿನ ನೌಕರಿ, ಛಲೋ ಮನಿತನ. ನೀ ಸುಮ್ಮ ಹೂಂ ಅಂದುಬಿಡು. ಅವರಪ್ಪಗ ಸಂಜಿಕಿ ಜವಾಬು ಹೇಳಬೇಕು ನಾ."

"ನೋಡ್ತೇನಿ ಚಿಕ್ಕವ್ವ," ಎಂದು ಅವನು ಫೋನ್ ಇಟ್ಟ. ವಿಶಾಖಾಳ ಮುಖ ನೋಡಲಿಲ್ಲ. "ಚಾ ತರ್ತೇನಿ," ಎಂದು ಮೆಟ್ಟಿಲಿಳಿದು ಹೋದ.

ಮೇಜಿನ ಮೇಲೆ ಬೋಗಿ ಹಾಯಾಗಿ ಮಲಗಿತ್ತು. ಇನ್ನು ಮೂಲೆಯ ಕೆಲವೇ ಅಕ್ಷರ ಉಳಿದಿದ್ದವು. ಆ ಹುಡುಗಿ ಬರುತ್ತಾಳೆ, ಕೆಲಸ ಮುಗಿದಿರುವುದಿಲ್ಲ, ಕೂರುತ್ತಾಳೆ, ಇವನು ಉರುಳಿಸುತ್ತಾನೆ, ಅವಳು ನೋಡುತ್ತಾಳೆ, ಸಂಜೆಯಾಗುತ್ತದೆ, ಹೂಂ ಅನ್ನುತ್ತಾನೆ! ವಿಶಾಖಾ ಎದ್ದು ನಿಂತಳು. ಬೋಗಿ ಸಿದ್ಧವಿದ್ದರೆ ಬಂದವಳು ಬಾಗಿಲಿಂದಲೇ ಹೋಗುತ್ತಾಳೆ.

ಪರ್ಸಿನಲ್ಲಿ ನೇಲ್ ಪಾಲಿಶ್ ರಿಮೂವರ್ ಇತ್ತು. ಎಷ್ಟು ಹಳೆಯ ಪಾಲಿಶನ್ನಾದರೂ ಒಂದೇ ಸಲಕ್ಕೆ ತೆಗೆಯುವ ಔಷಧ. ಹತ್ತಿಗೆ ಹಾಕಿ ಒರೆಸಿದಳು. ಹಳದಿ ಅಕ್ಷರ ಕಣ್ಣ ಮುಂದೆಯೇ ಮಾಯವಾಯಿತು. ಎಷ್ಟು ಸುಲಭ, ಇಷ್ಟಕ್ಕೇ ಅವನು ಇಷ್ಟು ದಿನ ತಪಸ್ಸು ಮಾಡಿದನೇ, ಎಂದು ಇನ್ನೊಮ್ಮೆ ಒರೆಸಿದಳು. ಹತ್ತಿ ನೀಲಿಯಾಯಿತು. ಬಣ್ಣದ ಕೆಳಗಿನ ಬೂದು ಪ್ಲಾಸ್ಟಿಕ್ ಕಾಣಿಸಿತು, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು.

ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು. ಒಬ್ಬರದಲ್ಲ, ಇಬ್ಬರದು.

ಆಮ್ರಪಾಲಿ ಚೆಲುವೆಯೇ, ಏನು ಮಾಡುವುದು. ಹತ್ತಿಯ ಸೀರೆ, ಉದ್ದ ಜಡೆ, ನಗುವ ಕಣ್ಣು. ಆ ಕಣ್ಣುಗಳು ನೇರ ಬೋಗಿಯ ಮೇಲೆ ಬಿದ್ದವು, ನಗು ನಿಂತಿತು.

"ಇದೇನ್ರಿ?"

ಕೈಲಾಶ ಚಹಾದ ಗ್ಲಾಸು ಕೆಳಗಿಟ್ಟ. ಬೋಗಿ ನೋಡಿದ, ನೀಲಿ ಹತ್ತಿ ನೋಡಿದ. ಎಲ್ಲ ತಿಳಿಯಿತು ಅವನಿಗೆ. "ನನ್ನ ಕೈ ತಪ್ಪಿತ್ರಿ," ಎಂದ. "ಸ್ಪಿರಿಟ್ ಜಾಸ್ತಿ ಆಯ್ತು."

ಅವನು ಸುಳ್ಳು ಹೇಳಿ ತನ್ನನ್ನು ಉಳಿಸಿದ್ದರಿಂದ ವಿಶಾಖಾಳಿಗೆ ಇನ್ನೂ ನೋವಾಯಿತು.

"ಇವರಲ್ಲರಿ, ನಾ ಮಾಡೀನಿ," ಎಂದಳು. "ಹೊಟ್ಟಿಕಿಚ್ಚಿಗೆ."

"ಯಾರ ಮ್ಯಾಲ?"

"ನಿಮ್ಮ ಮ್ಯಾಲರಿ! ಇವರು ನನಗ ಆ ಬೋಗಿ ಮುಟ್ಟಗೊಡ್ಲಿಲ್ಲ. ನೀವು ಬರ್ತೀರಿ, ಇವರು ಹೂಂ ಅಂತಾರ, ನನ್ನ ಐತವಾರ ಮುಗೀತಾವ. ಲಗೂನ ಮುಗಿಸಿ ನಿಮ್ಮನ್ನ ಕಳಿಸಬೇಕಂತ ಮಾಡಿದ್ದೆ."

ಕೈಲಾಶ ಮೆಲ್ಲಗೆ ಹೇಳಿದ. "ನಿಮ್ಮ ಕೈಗೆ ಯಾವಾಗ್ಲೂ ರಿಮೂವರ್ ಹತ್ತಿರ್ತದರಿ. ಇದರ ಬಣ್ಣ ಹಳೇದು, ಅದರ ಘಾಟಿಗೂ ತಡಿಯಂಗಿಲ್ಲ. ಅದಕ್ಕ ಮುಟ್ಟಬ್ಯಾಡ ಅಂದೆ. ನಿಮ್ಮ ಕೈ ಸರಿ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

ಆಮ್ರಪಾಲಿ ಇಬ್ಬರನ್ನೂ ನೋಡಿದಳು. ಕೊನೆಗೆ ಕೈಲಾಶನನ್ನು ಕೇಳಿದಳು, "ನಿಮ್ಮ ಜವಾಬು ಏನ್ರಿ? ನಮ್ಮಪ್ಪ ಹಾದಿ ಕಾಯ್ಲಕತ್ಯಾನ."

"ನನ್ನ ಕೈಯಾಗಿನ ಬೋಗಿಗೆ ಬ್ಯಾರೆ ಯಾರಾದ್ರೂ ಹಿಂಗ ಮಾಡಿದ್ರ, ಅವರ ಮಾರಿ ನೋಡ್ತಿರ್ಲಿಲ್ಲರಿ ನಾ." ಅವನ ಕಿವಿ ಕೆಂಪಾಗಿತ್ತು. "ಈಗ ಈಕಿ ಮಾರಿ ಬಿಟ್ಟು ಬ್ಯಾರೆ ಏನೂ ನೋಡ್ಲಕ್ ಆಗವಲ್ದು."

ಆಮ್ರಪಾಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅವಳಿಗೂ ಆಸೆ ಇತ್ತು, ಅದು ಮುಖದಲ್ಲಿ ಕಾಣುತ್ತಿತ್ತು.

"ಅಪ್ಪಗ ನಾ ಏನೂ ಹೇಳಂಗಿಲ್ಲ," ಎಂದಳು. "ಬಣ್ಣ ಸರಿ ಮಾಡಿ ಇಬ್ರೂ ಕೂಡಿ ಭಾಲ್ಕಿಗೆ ತರ್ರಿ. ಬೋಗಿ ಸುದ್ದಿನೂ ನೀವs ಹೇಳ್ರಿ, ಈ ಸುದ್ದಿನೂ ನೀವs ಹೇಳ್ರಿ." ತಿರುಗಿ ಮೆಟ್ಟಿಲಿಳಿದಳು.

ಅವಳು ಓಣಿಯ ತಿರುವು ದಾಟುವ ತನಕ ಕೈಲಾಶ ಕಿಟಕಿಯಲ್ಲಿ ನಿಂತಿದ್ದ.

"ಅಷ್ಟೊತ್ತು ಏನ್ ನೋಡ್ಲಕತ್ತೀರಿ?"

"ಪಾಪ ಅನಿಸ್ತು."

"ನನಗೂ ಅನಿಸ್ತು. ಆದ್ರ ನೀವು ನೋಡಬ್ಯಾಡ್ರಿ."

ಅವನು ಕಿಟಕಿ ಬಿಟ್ಟು ಬಂದು ಅವಳೆದುರು ಕುಳಿತ. ರಿಮೂವರಿನ ಘಾಟು ಹೊಡೆಯುತ್ತಿದ್ದ ಅವಳ ಕೈಯನ್ನು ಮೊದಲ ಸಲ ತನ್ನ ಕೈಯಲ್ಲಿ ಹಿಡಿದುಕೊಂಡ. "ಬರೂ ಐತವಾರ ಭಾಲ್ಕಿಗೆ ಹೋಗೂಣು, ವಿಶಾಖಾ. ಬೈದ್ರ ಬೈಸ್ಕೊಳ್ಳೂಣು."

"ಅಲ್ಲಿ ಆಕಿ ಚಾ ಮಾಡಿ ಕೊಟ್ರ?"

"ಕುಡೀಬೇಕಲ್ಲ."

"ಕುಡೀಬ್ಯಾಡ್ರಿ. ನಾ ಮನಿಯಿಂದ ಮಾಡ್ಕೊಂಡು ಬರ್ತೇನಿ."

ಕೈಲಾಶ ಬಿದ್ದು ಬಿದ್ದು ನಕ್ಕ. ವಿಶಾಖಾ ನಗಲಿಲ್ಲ. ಅವಳು ಖರೇನೇ ಹೇಳಿದ್ದಳು.