ಕೊಡವಿದರೆ ಬೀಳುವಂಥದ್ದು

"ಹಸಿರು ರಟ್ಟಿನ ಪುಸ್ತಕ ಎಲ್ಲಿಗೋಯ್ತು?"

ರೆಹಾನಾ ಕೇಳಿದ್ದು ಖಾಲಿ ಕಪಾಟನ್ನು. ಉತ್ತರ ಬಂದದ್ದು ಅಡುಗೆಮನೆಯಿಂದ. "ನಾಳೆ ನಿನ್ನ ನೋಡಾಕೆ ಹಿರಿಯೂರಿನೋರು ಬರ್ತಾರಲ್ಲ, ಧೂಳು ಹಿಡಿದಿದ್ದನ್ನೆಲ್ಲ ನಿಮ್ಮಣ್ಣ ರೌಫ್ ಆ ಫರಾಜ್‌ನ ಅಂಗಡಿಗೆ ಹಾಕಾಕೆ ಒಯ್ದ," ಎಂದರು ಅಮ್ಮಿ.

ಆ ಪುಸ್ತಕದೊಳಗೆ ಫರಾಜ್‌ನದೇ ಪಾಸ್‌ಪೋರ್ಟ್ ಸೈಜ್ ಫೋಟೋ ಇತ್ತು. ಹೋದ ರಂಜಾನಿನಲ್ಲಿ ಅವನ ಹಳೇ ಪುಸ್ತಕದಂಗಡಿಯಲ್ಲಿ ಆ ಪುಸ್ತಕ ಕೊಂಡಾಗ ಹಾಳೆಗಳ ನಡುವೆ ಸಿಕ್ಕಿದ್ದು. ಹಿಂದಿರುಗಿಸಬೇಕೆಂದು ಎಷ್ಟು ಸಲ ಹೋದಳೋ, ಅಷ್ಟು ಸಲವೂ ಇನ್ನೊಂದು ಪುಸ್ತಕ ಕೊಂಡು ಬಂದಳು.

ದುಪಟ್ಟಾ ಹೊದ್ದು ಓಡಿದಳು.

ದುರ್ಗದ ಬಸ್ ಸ್ಟ್ಯಾಂಡ್ ಹಿಂದಿನ ಆ ಅಂಗಡಿಯಲ್ಲಿ ಅಣ್ಣ ರೌಫ್ ಸ್ಟೂಲ್ ಮೇಲೆ ಕುಂತು ಚಾ ಕುಡಿಯುತ್ತಿದ್ದ. ಕೊಳ್ಳುವ ಮುಂಚೆ ಪ್ರತಿ ಪುಸ್ತಕವನ್ನೂ ಬೋರಲು ಹಿಡಿದು ಕೊಡವುವುದು ಫರಾಜ್‌ನ ರೂಢಿ. ಬಿದ್ದದ್ದೆಲ್ಲ ಗಾಜಿನ ಭರಣಿಗೆ: ಬಾಗೂರಿನ ಬಸ್ ಟಿಕೆಟ್ಟು, ಒಣಗಿದ ಗೋರಂಟಿ ಎಲೆ, ಯಾರದೋ ಹೇರ್‌ಪಿನ್ನು. ಅದನ್ನು ನೋಡಲಿಕ್ಕೆಂದೇ ಜನ ಬರುತ್ತಿದ್ದರು.

"ನೀನ್ಯಾಕೆ ಬಂದೆ?" ರೌಫ್ ಕೇಳಿದ.

"ಒಂದು ಪುಸ್ತಕ ಬೇಕಿತ್ತು, ಭಾಯ್."

"ಮದ್ವೆ ಆದ್ಮೇಲೂ ಓದ್ಕಂತ ಕುಂತ್ರೆ ಆ ಮನೇಲಿ ರೊಟ್ಟಿ ಸುಡೋರ್ಯಾರು?"

ಪುಸ್ತಕ ಕೊಡವುತ್ತಿದ್ದ ಫರಾಜ್‌ನ ಕೈ ನಿಂತಿತು. "ಮದ್ವೇನಾ?"

"ಕೊಡವಪ್ಪ ನೀನು, ಹೊತ್ತಾಯ್ತು."

ರೌಫ್ ತಂದ ಪುಸ್ತಕಗಳ ಗುಡ್ಡೆ ಕರಗುತ್ತ ಬಂತು. ಹಸಿರು ರಟ್ಟಿನದು ಅವನ ಕೈಗೆ ಸಿಕ್ಕಿತು. ಬಿಸ್ಮಿಲ್ಲಾ ಎಂದು ಎತ್ತಿದವನ ಬೆರಳಿಗೆ ಫೋಟೋದ ಅಂಚು ತಾಗಿತು. ಇಣುಕಿದ. ಕಣ್ಣೆತ್ತಿದ. ಆ ನೋಟಕ್ಕೆ ರೆಹಾನಾಳ ಕಿವಿತುದಿ ಬಿಸಿಯಾಯಿತು. ಅವನು ಕೊಡವದೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ, ಮೆಲ್ಲಗೆ ರಟ್ಟು ಮುಚ್ಚಿದ.

"ಅದನ್ಯಾಕೆ ಕೊಡವಲಿಲ್ಲ?" ರೌಫ್‌ನ ಕಣ್ಣುಗಳು ಕಿರಿದಾದವು.

"ಹೊಲಿಗೆ ಬಿಚ್ಚೈತಣ್ಣ. ಹಾಳೆ ಉದುರ್ತವೆ."

ಅಷ್ಟರಲ್ಲಿ ರೌಫ್‌ನ ಫೋನ್ ಬಡಿದುಕೊಂಡಿತು, ಹಿರಿಯೂರಿನದು. ಮಾತಾಡುತ್ತ ಬಾಗಿಲಾಚೆ ಹೋದ.

"ಫೋಟೋ ಅದ್ರೊಳಗೆ ಮರೆತು ಬಿಟ್ಟಿದ್ರಿ," ರೆಹಾನಾ ಪಿಸುಗುಟ್ಟಿದಳು. "ವಾಪಸ್ ಕೊಡಾಣ ಅಂತಲೇ ಇದ್ದೆ."

"ಎಲ್ಲಾ ಪುಸ್ತಕ ಕೊಡವೋನು ಅದೊಂದನ್ನ ಮರೀತೀನಾ? ನೀವು ತಗಳ್ತೀರಿ ಅಂತ ಗೊತ್ತಿದ್ದೇ ಇಟ್ಟಿದ್ದೆ."

"ಹೇಳಾಕೆ ಬಾಯಿ ಇರ್ಲಿಲ್ವಾ?"

"ನಿಮ್ಮ ಮುಂದೆ ಇರಲ್ಲ."

ಹೊರಗೆ ಮಾತು ಮುಗಿಯಿತು. ಹೆಜ್ಜೆಗಳು ತಿರುಗಿದವು. ರೆಹಾನಾ ಫೋಟೋ ಸೆಳೆದು ಮುಷ್ಟಿಯೊಳಗೆ ಹಿಡಿದಳು.

"ಇಲ್ಲಿ ಕೊಡ್ರಿ," ಫರಾಜ್ ಕೈ ಚಾಚಿದ. "ನಿಮ್ಮಣ್ಣ ಕಂಡ್ರೆ ನಿಮಗೇ ಕಷ್ಟ. ನಾನೇ ಹರಿದು ಹಾಕ್ತೀನಿ."

ರೌಫ್ ಹೊಸ್ತಿಲ ಮೇಲೆ ನಿಂತಿದ್ದ. ಅವಳು ಅಣ್ಣನ ಮುಖ ನೋಡಿದಳು. ದನಿ ಮಾತ್ರ ತಗ್ಗಿಸಲಿಲ್ಲ.

"ಕೊಡಲ್ಲ."